ನಿರ್ಣಾಯಕರಾಗಿ ಬರ್ರಿ ಅಂತ ಕರೆದರೆ: ಯಾವುದು ಕಲೆ, ಅಂಕ ಹಾಕೋದು ಹೇಗೆ?

ಪ್ರತಿಭಾ ಕಾರಂಜಿ ಶುರುವಾಯಿತೆಂದರೆ ನಮ್ಮ ಕಲಬುರಗಿ ಕಡೆ ನಿರ್ಣಾಯಕರಿಗೆ ಬರಗಾಲ. ಹಾಡಿಗೆ, ಭಾಷಣಕ್ಕೆ ಹೇಗೋ ಜನ ಸಿಗುತ್ತಾರೆ. ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿಯ ಸರದಿ ಬಂದಾಗ ಹೆಡ್‌ಮಾಸ್ತರರು ಫೋನ್ ಹಿಡಿದು ಕೂಡುತ್ತಾರೆ. "ಸರ, ನೀವು ಕನ್ನಡ ಲೆಕ್ಚರರ್ ಇದ್ದೀರಿ, ನಿಮಗ ಎಲ್ಲಾ ತಿಳೀತದ. ಒಂದೆರಡು ತಾಸು ಬಂದು ಕುಂದುರ್ರಿ." ಗಣಪತಿ ಮಂಡಳಿಯವರು ಬ್ಯಾಂಕ್ ಮ್ಯಾನೇಜರರನ್ನು ಹಿಡಿಯುತ್ತಾರೆ, ಮಹಿಳಾ ಮಂಡಳದವರು ಡಾಕ್ಟರಮ್ಮನನ್ನು. ಹೋದವರು ಸಾಲು ಹಾಳೆಗಳ ಮುಂದೆ ನಿಂತು "ಛಂದ ಅದ" ಅನ್ನುವುದರ ಆಚೆ ಮಾತು ಸಿಗದೆ, ಬಣ್ಣ ಜಾಸ್ತಿ ಇದ್ದದ್ದಕ್ಕೆ ಮೊದಲ ಬಹುಮಾನ ಬರೆದು, ಚಹಾ ಕುಡಿದು ಬರುತ್ತಾರೆ.

ಈ ಬರಹ ಅವರಿಗಾಗಿ. ಚಿತ್ರ ಬರೆಯಲು ಬಾರದಿದ್ದರೂ ಈ ಕೆಲಸ ನೆಟ್ಟಗೆ ಮಾಡಬಹುದು. ನಾನು ಹೇಳುವ ಎಲ್ಲ ಹಂತಗಳ ತಳದಲ್ಲಿ ಇರುವುದು ಒಂದೇ ಮಾತು: ಕೃತಿಯ ಮೇಲೆ ಬೆರಳಿಟ್ಟು ತೋರಿಸಲಾಗದ ಕಾರಣಕ್ಕೆ ಅಂಕ ಕೊಡಬಾರದು, ಕಳೆಯಲೂ ಬಾರದು.

ಕಲೆ ಓದಿಲ್ಲವಲ್ಲ ಎಂಬ ಅಳುಕು ಬೇಡ. ಸೇಡಂ ತಾಲ್ಲೂಕಿನ ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಆ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದಿತು. ಕೂತು ಓದದಿದ್ದರೂ ಕಾವ್ಯದ ಹದ ಬಲ್ಲವರು ಎಂದರ್ಥ. ಹೀಗೆ ಹೊಗಳಿ ಸುಮ್ಮನಾಗಲಿಲ್ಲ. ದೋಷ ಯಾವುದು, ಗುಣ ಯಾವುದು ಎಂದು ಒಂದೊಂದಕ್ಕೂ ಪದ್ಯ ಕೊಟ್ಟು ತೋರಿಸುತ್ತ ಹೋಯಿತು. ನಮಗೂ ಬೇಕಾದದ್ದು ಆ ಎರಡನೆಯ ಅಭ್ಯಾಸ.

ಒಪ್ಪಿಕೊಳ್ಳುವ ಮುಂಚೆ ಕೇಳಿಕೊಳ್ಳಿ

ಫೋನಿನಲ್ಲೇ ನಾಲ್ಕು ಮಾತು ಕೇಳಿ, ಆಮೇಲೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮಕ್ಕಳಿಗೆ ಕೊಟ್ಟ ವಿಷಯ ಏನು? ವಯಸ್ಸಿನ ಗುಂಪು ಯಾವುದು? ಎಷ್ಟು ಹೊತ್ತು, ಯಾವ ಬಣ್ಣ, ಎಷ್ಟು ದೊಡ್ಡ ಹಾಳೆ? ನೋಡಿಕೊಂಡು ಬರೆಯಲು ಬಿಟ್ಟಿದ್ದಾರೆಯೇ? ರಂಗೋಲಿಯಾದರೆ ಅಚ್ಚು, ಜಾಲರಿ ಬಳಸಬಹುದೇ, ಹೂವು ಕಾಳು ಇಡಬಹುದೇ ಎಂಬುದನ್ನೂ ಸೇರಿಸಿ.

ಇದು ಕಚೇರಿ ಕೆಲಸದಂತೆ ಕಾಣುತ್ತದೆ, ಆದರೆ ಕಲೆಯ ಇತಿಹಾಸದ ಅತಿ ದೊಡ್ಡ ಜಗಳಗಳಲ್ಲಿ ಒಂದು ಹುಟ್ಟಿದ್ದೇ ಇಲ್ಲಿ. 1917ರಲ್ಲಿ ನ್ಯೂಯಾರ್ಕಿನ ಕಲಾವಿದರ ಸಂಘವೊಂದು ಪ್ರದರ್ಶನ ಇಟ್ಟಿತು. ಶುಲ್ಕ ಕಟ್ಟಿದ ಯಾರೇ ಕೃತಿ ಇಡಬಹುದು, ಆಯ್ಕೆ ಸಮಿತಿಯೇ ಇಲ್ಲ ಎಂಬುದು ಅದರ ನಿಯಮ. ಮಾರ್ಸೆಲ್ ದ್ಯುಶಾಂ ಎಂಬ ಕಲಾವಿದ ಅಂಗಡಿಯಲ್ಲಿ ಸಿಗುವ ಪಿಂಗಾಣಿಯ ಮೂತ್ರದ ಬೋಗುಣಿಯೊಂದನ್ನು ಮಲಗಿಸಿ, ‘ಆರ್. ಮಟ್’ ಎಂಬ ಸುಳ್ಳು ಹೆಸರಿನಲ್ಲಿ ಸಹಿ ಹಾಕಿ, ‘ಕಾರಂಜಿ’ ಎಂದು ಹೆಸರಿಟ್ಟು ಕಳಿಸಿದ. ಸಂಘದ ಆಡಳಿತ ಮಂಡಳಿಯಲ್ಲಿ ತಾನೂ ಒಬ್ಬ! ಶುಲ್ಕ ಕಟ್ಟಿಯಾಗಿದೆ, ನಿಯಮದ ಪ್ರಕಾರ ತಡೆಯುವಂತಿಲ್ಲ. ಆದರೂ ಮಂಡಳಿ ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ, ದ್ಯುಶಾಂ ರಾಜೀನಾಮೆ ಕೊಟ್ಟ. ಆ ಬೋಗುಣಿ ಕಳೆದೇಹೋಯಿತು, ಇಂದು ಮ್ಯೂಸಿಯಮ್ಮುಗಳಲ್ಲಿ ಇರುವುದು ಅವನ ಒಪ್ಪಿಗೆ ಪಡೆದು ಮುಂದೆ ಮಾಡಿದ ಪ್ರತಿಗಳು. ನಿಮಗೆ ಬೋಗುಣಿ ಕಲೆ ಅನ್ನಿಸುತ್ತದೋ ಇಲ್ಲವೋ ಅದು ಬೇರೆ ಮಾತು. ನಿಯಮ ಒಂದು ಬರೆದು ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡರೆ ಎಂಥ ದೊಡ್ಡವರ ಸಂಘವೂ ಸಿಕ್ಕಿಬೀಳುತ್ತದೆ. ಎಂಟನೆಯ ಕ್ಲಾಸಿನ ಹುಡುಗಿ ರಂಗೋಲಿ ನಡುವೆ ಗೋಧಿ ಕಾಳು ಜೋಡಿಸಿದ ಮೇಲೆ "ಇದು ನಡೆಯೋದಿಲ್ಲ" ಅನ್ನುವ ಅಧಿಕಾರ ನಿಮಗಿಲ್ಲ. ಮುಂಚೆಯೇ ಹೇಳಬೇಕಿತ್ತು.

‘ಇದು ಕಲೆನಾ?’ ಮತ್ತು ‘ಇದು ಚಲೋ ಅದನಾ?’ ಬೇರೆ ಬೇರೆ ಪ್ರಶ್ನೆ

ಎರಡನ್ನೂ ಒಟ್ಟಿಗೆ ಕೇಳುವುದರಿಂದಲೇ ಅರ್ಧ ಗೊಂದಲ. ಇಷ್ಟವಾಗದ್ದನ್ನು ನಾವು "ಇದೇನ್ ಕಲೆ ಬಿಡ್ರಿ" ಅನ್ನುತ್ತೇವೆ. ಕೆಟ್ಟ ಹಾಡೂ ಹಾಡೇ ಅಲ್ಲವೇ? ಹಾಗೆಯೇ ಕೆಟ್ಟ ಚಿತ್ರವೂ ಚಿತ್ರವೇ.

ಕೋರ್ಟಿಗೆ ಹೋದ ಒಂದು ಪ್ರಕರಣ ನೋಡಿ. 1926ರಲ್ಲಿ ಕೊನ್ಸ್ಟಾಂಟಿನ್ ಬ್ರಾಂಕುಶಿ ಎಂಬ ಶಿಲ್ಪಿಯ ಒಂದು ಕಂಚಿನ ಕೃತಿ ಅಮೆರಿಕಕ್ಕೆ ಬಂತು. ಹೆಸರು ‘ಅಂತರಿಕ್ಷದಲ್ಲಿ ಹಕ್ಕಿ’. ನೋಡಿದರೆ ರೆಕ್ಕೆ ಇಲ್ಲ, ಕೊಕ್ಕಿಲ್ಲ, ಕಾಲಿಲ್ಲ; ತೆಳ್ಳಗೆ ಎದ್ದು ನಿಂತ, ಕನ್ನಡಿಯಂತೆ ಉಜ್ಜಿದ ಲೋಹ. ಕಲಾಕೃತಿಗೆ ಅಲ್ಲಿ ಆಮದು ಸುಂಕ ಇರಲಿಲ್ಲ. ಸುಂಕದ ಕಟ್ಟೆಯ ಅಧಿಕಾರಿಗಳು ಇದು ಕಲೆಯಲ್ಲ ಎಂದು ತೀರ್ಮಾನಿಸಿ, ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಪಟ್ಟಿಯಲ್ಲಿ ಹಾಕಿ 40% ಸುಂಕ ಬರೆದರು. ಕೇಸು ನಡೆಯಿತು. ಸಾಕ್ಷಿ ಹೇಳಲು ಬಂದವರಿಗೆ ಇದು ಹಕ್ಕಿಯ ಹಾಗೆ ಕಾಣುತ್ತದೆಯೇ ಎಂದು ಕೇಳಿದರು. ನಮ್ಮ ಶಾಲೆಗಳಲ್ಲಿ "ಇದು ಆಕಳು ಕಂಡಂಗ ಕಾಣ್ತದೇನು?" ಅನ್ನುತ್ತಾರಲ್ಲ, ಅದೇ ಪ್ರಶ್ನೆ. 1928ರಲ್ಲಿ ತೀರ್ಪು ಬ್ರಾಂಕುಶಿ ಕಡೆ ಬಂತು. ಹಕ್ಕಿಯನ್ನು ಹೋಲದಿದ್ದರೂ ಇದು ಶಿಲ್ಪಿಯೊಬ್ಬ ಸ್ವತಃ ಮಾಡಿದ್ದು, ನೋಡಲು ಚೆಲುವಾಗಿದೆ, ಬೇರೆ ಉಪಯೋಗಕ್ಕೆ ಬರುವ ವಸ್ತುವಲ್ಲ, ಆದ್ದರಿಂದ ಕಲೆ ಎಂದು ಕೋರ್ಟು ಒಪ್ಪಿತು.

ತೀರ್ಪು ಸರಿಯೇ. ಆದರೆ ‘ಉಪಯೋಗಕ್ಕೆ ಬಾರದ್ದು’ ಎಂಬ ಅಳತೆಯನ್ನು ಬೀದರಿಗೆ ತಂದು ನೋಡಿ. ಹೂದಾನಿ, ಹುಕ್ಕಾದ ಬುಡ, ಪಾನದಾನ, ಈಗೀಗ ಪೆನ್‌ಡ್ರೈವ್ ಕವಚದವರೆಗೆ ಬಿದ್ರಿಯಲ್ಲಿ (ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುವ ಬೀದರಿನ ಕುಸುರಿಯಲ್ಲಿ) ಆಗುವುದು ಬಹುಪಾಲು ಬಳಸುವ ವಸ್ತುವೇ. ಆ ಅಳತೆಗೆ ಬಿದ್ರಿ ಪಾತ್ರೆ ಸಾಮಾನಿನ ಪಟ್ಟಿಗೆ ಹೋಗುತ್ತದೆ. ಇತ್ತ ನಮ್ಮ ಸರ್ಕಾರ 2023ರಲ್ಲಿ ಬೀದರಿನ ಬಿದ್ರಿ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಕೊಟ್ಟದ್ದು ಕಲೆಯ ವಿಭಾಗದಲ್ಲಿ. ಅಂದಮೇಲೆ ಬಳಕೆ ಇದೆಯೋ ಇಲ್ಲವೋ ಎಂಬುದರಿಂದ ಬಾಗಿಲು ಹಾಕಲಾಗದು.

ವಸ್ತುವಿನ ಕೆಲಸವೂ ಒಂದೇ ಆಗಿ ಉಳಿಯುವುದಿಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿ ಕುಸಿದಾಗ ದೇವಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ಗೊತ್ತಾಯಿತು. ರಾಜನ ಆಜ್ಞೆ ದೇವಿಯ ಪೀಠವಾಗಿ, ಈಗ ಚರಿತ್ರೆಯ ಸಾಕ್ಷಿಯಾಗಿದೆ. ಹತ್ತಿರದ ಕನಗನಹಳ್ಳಿಯ ಸ್ತೂಪಕ್ಕೆ ಶಿಲ್ಪ ಕೆತ್ತಿದವರು ಕೆತ್ತಿದ್ದು ಭಕ್ತರಿಗಾಗಿ; ನಾವು ಹೋಗಿ ನಿಲ್ಲುವುದು ಗೆರೆ, ನಿಲುವು ನೋಡಲು.

ಹಾಗಾದರೆ ಸ್ಪರ್ಧೆಯ ಕೋಣೆಯಲ್ಲಿ ನಿಂತವರಿಗೆ ಕೆಲಸಕ್ಕೆ ಬರುವ ಅಳತೆ ಯಾವುದು? ನನ್ನದು ಇಷ್ಟೇ: ಮಾಡಿದವರು ಏನನ್ನೋ ಬೇಕೆಂದೇ ಹೀಗೆ ಮಾಡಿದ್ದಾರೆ, ನೋಡುವವರಿಗೆ ಅದು ಕಾಣುವಂತಿದೆ. ಇವೆರಡು ಇದ್ದರೆ ಒಳಗೆ ಬಿಡಿ, ಕಲೆಯೋ ಅಲ್ಲವೋ ಎಂಬ ಚರ್ಚೆ ಅಲ್ಲಿಗೆ ಮುಗಿಸಿ. ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ಪಂಡಿತರಿಗೆ ಸಂಜೆ ಐದಕ್ಕೆ ಫಲಿತಾಂಶ ಕೊಡಬೇಕಾದ ತಾಪತ್ರಯ ಇರುವುದಿಲ್ಲ.

ಸ್ಪರ್ಧೆಯ ಹಿಂದಿನ ವಾರ ಕಣ್ಣಿಗೆ ತಾಲೀಮು: ಒಂದು ಬಿದ್ರಿ ಬಟ್ಟಲು

ಚಲೋ ಯಾವುದು ಎಂದು ತಿಳಿಯಲು ಚಲೋದನ್ನು ಹತ್ತಿರದಿಂದ ನೋಡಿರಬೇಕು. ನಮ್ಮ ಭಾಗದವರಿಗೆ ಅದಕ್ಕೆ ಮುಂಬಯಿಗೆ, ದಿಲ್ಲಿಗೆ ಹೋಗುವ ಅಗತ್ಯವಿಲ್ಲ. ಬೀದರಿನ ಚೌಬಾರಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿದ್ರಿ ಕೆಲಸದ ಮನೆಗಳಿವೆ. ಒಂದು ಅರ್ಧ ದಿನ ಇಟ್ಟುಕೊಳ್ಳಿ. ಕೆಲಸ ಕೆಡಿಸದಂತೆ ಕೂತು ನೋಡುತ್ತೇನೆ ಎಂದರೆ ಬೇಡ ಅನ್ನುವವರು ಕಡಿಮೆ.

ಮೊದಲು ಅದು ಆಗುವ ಬಗೆ ತಿಳಿದುಕೊಳ್ಳಿ, ಯಾಕೆಂದರೆ ತಪ್ಪು ಎಲ್ಲಿ ಆಗಬಹುದು ಎಂದು ಗೊತ್ತಿದ್ದವರಿಗೇ ಸರಿ ಎಲ್ಲಿ ಆಗಿದೆ ಎಂದು ಕಾಣುವುದು. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ (ಸಾಮಾನ್ಯವಾಗಿ 16ಕ್ಕೆ 1) ಕರಗಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣ್ಣಗೆ ಮಾಡಿ ಮೈಲುತುತ್ತದ ನೀರು ಬಳಿಯುತ್ತಾರೆ. ಮೇಲ್ಮೈ ಕಪ್ಪಾಗಿ, ಅದರ ಮೇಲೆ ಗೀಚಿದ ಗೆರೆ ಎದ್ದು ಕಾಣುತ್ತದೆ. ಈ ಕಪ್ಪು ತಾತ್ಕಾಲಿಕ. ಹೂಬಳ್ಳಿಯನ್ನು ಕೈಯಿಂದಲೇ ಗೀಚಿ, ಉಳಿಯಿಂದ ಕೊರೆದು ಕಾಲುವೆ ತೆಗೆದು, ಬೆಳ್ಳಿಯ ತಂತಿಯನ್ನು ಅದರೊಳಗೆ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ತಂತಿಯ ಈ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ. ಆಮೇಲೆ ಇಡೀ ಬಟ್ಟಲನ್ನು ಉಜ್ಜುತ್ತಾರೆ. ಆಗ ಆ ತಾತ್ಕಾಲಿಕ ಕಪ್ಪು ಹೋಗಿ ಬೆಳ್ಳಿಯೂ ಬೆಳ್ಳಗೆ, ಸತುವೂ ಬೆಳ್ಳಗೆ. ಹಗಲೆಲ್ಲ ಮಾಡಿದ ಹೂಬಳ್ಳಿ ಹೆಚ್ಚುಕಡಿಮೆ ಕಾಣದಂತಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತುವಿನ ಮೈ ಕಡು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು ಎಂದು ಕೆಲಸಗಾರರು ಹೇಳುತ್ತಾರೆ. ಕಡೆಗೆ ಎಣ್ಣೆ ಒರೆಸಿದರೆ ಕಪ್ಪು ಇನ್ನೂ ಆಳವಾಗುತ್ತದೆ.

ಈಗ ಬಟ್ಟಲನ್ನು ಕೈಗೆ ತೆಗೆದುಕೊಳ್ಳಿ. ಕಿಟಕಿಯ ಬೆಳಕಿಗೆ ಓರೆ ಹಿಡಿಯಿರಿ. ಬೆಳ್ಳಿ ಮತ್ತು ಕಪ್ಪು ಸೇರುವ ಕಡೆ ಉಗುರು ಎಳೆಯಿರಿ, ಎಡವಬಾರದು. ಎಡವಿದರೆ ತಂತಿ ಸರಿಯಾಗಿ ಕೂತಿಲ್ಲ. ಬಳ್ಳಿ ತಿರುಗುವ ಜಾಗ ಹುಡುಕಿ: ತಿರುವಿನಲ್ಲಿ ಗೆರೆ ದಪ್ಪ ಬದಲಾಯಿಸದೆ ಹರಿದಿದೆಯೋ, ಮುರಿದು ಜೋಡಿಸಿದಂತಿದೆಯೋ? ಎರಡು ತಂತಿ ಸೇರುವ ತುದಿಯಲ್ಲಿ ಸಂದು ಕಾಣುತ್ತದೆಯೋ? ಆಮೇಲೆ ಬಟ್ಟಲು ಬೋರಲು ಹಾಕಿ. ಯಾರೂ ನೋಡದ ತಳವನ್ನು ಹೇಗೆ ಬಿಟ್ಟಿದ್ದಾರೆ? ನನ್ನ ಅನುಭವದಲ್ಲಿ ಕೆಲಸಗಾರನ ಮನಸ್ಸು ತಿಳಿಯುವುದು ಅಲ್ಲೇ.

ಇಷ್ಟು ಕೈಕೆಲಸದ ಮಾತಾಯಿತು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಖಾಲಿ ಬಿಟ್ಟ ಕಪ್ಪನ್ನು ನೋಡಿ. ಪ್ರವಾಸಿಗಳಿಗೆಂದು ಅವಸರದಲ್ಲಿ ಮಾಡಿದ ತುಣುಕುಗಳಲ್ಲಿ ಬೆಳ್ಳಿ ಎಲ್ಲೆಡೆ ತುಂಬಿರುತ್ತದೆ, ಕಣ್ಣಿಗೆ ಉಸಿರಾಡಲು ಜಾಗ ಇರುವುದಿಲ್ಲ. ನುರಿತ ಕೈ ಹೂವಿನ ಪಕ್ಕ ಕಪ್ಪು ಎಷ್ಟು ಉಳಿಸಬೇಕೆಂದು ಲೆಕ್ಕ ಹಾಕಿರುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪಿನ ಹಾಸಿನ ಮೇಲೆ ಬಿಳಿಯನ್ನು ಹದವಾಗಿ ಇಡುವ ಅದೇ ಜಾಣ್ಮೆ ಅಲ್ಲಿಯೂ ಕಾಣುತ್ತದೆ. ಎರಡನ್ನೂ ಒಂದೇ ದಿನ ನೋಡಿದರೆ ‘ಜೋಡಣೆ’ ಎಂಬುದಕ್ಕೆ ಪುಸ್ತಕ ಬೇಕಾಗುವುದಿಲ್ಲ.

ಹೊತ್ತಿದ್ದರೆ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಂದೆ ನಿಲ್ಲಿ. ಬಣ್ಣದ ಬಿಲ್ಲೆಗಳು ಬಹುಪಾಲು ಉದುರಿವೆ, ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಉಳಿದ ತುಣುಕು ನೋಡಿ ಇಡೀ ಗೋಡೆ ಹೇಗಿತ್ತು ಎಂದು ಮನಸ್ಸಿನಲ್ಲಿ ತುಂಬಿಕೊಳ್ಳಿ. ಮಕ್ಕಳ ಅರ್ಧಕ್ಕೆ ನಿಂತ ಚಿತ್ರ ನೋಡುವಾಗ ಈ ಅಭ್ಯಾಸ ನೆರವಿಗೆ ಬರುತ್ತದೆ.

ಸ್ಪರ್ಧೆಯ ದಿನ: ಹೆಸರು ಮುಚ್ಚಿ, ಹಾಳೆ ಹಾಸಿ

ಹಾಳೆಗಳ ಕಟ್ಟು ಕೈಗೆ ಕೊಟ್ಟು "ಒಂದೊಂದೇ ನೋಡಿ ಅಂಕ ಹಾಕ್ರಿ" ಅಂದರೆ ಒಪ್ಪಬೇಡಿ. ಮೊದಲ ಹಾಳೆಗೆ ಹಾಕಿದ ಅಂಕವೇ ಮುಂದಿನವಕ್ಕೆಲ್ಲ ಅಳತೆಗೋಲಾಗಿಬಿಡುತ್ತದೆ. ಸಭಾಂಗಣದ ನೆಲದ ಮೇಲೆ ಎಲ್ಲವನ್ನೂ ಹಾಸಲು ಹೇಳಿ, ಫ್ಯಾನ್ ಆರಿಸಿ, ಮೂಲೆಗೆ ಒಂದೊಂದು ಕಲ್ಲು ಇಡಿಸಿ. ಹೆಸರು, ಶಾಲೆ ಹಿಂದುಗಡೆ ಇರಲಿ. ಮುಂದೆ ಸಂಖ್ಯೆ ಮಾತ್ರ.

ಹೆಸರು ಮುಚ್ಚುವುದು ಬರೀ ವಶೀಲಿ ತಪ್ಪಿಸಲಿಕ್ಕಲ್ಲ. ಕನಗನಹಳ್ಳಿಯ ಶಿಲ್ಪವೊಂದರಲ್ಲಿ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಅಶೋಕ ಎಂದು ಗೊತ್ತಾದ ಕ್ಷಣವೇ ನಮ್ಮ ಕಣ್ಣು ನೆಟ್ಟಗಾಗುತ್ತದೆ, ಗೌರವ ಉಕ್ಕುತ್ತದೆ. ಬರಹವನ್ನು ಒಂದು ಗಳಿಗೆ ಮರೆತು ನೋಡಿ: ನಡುವೆ ರಾಜ, ಪಕ್ಕದಲ್ಲಿ ರಾಣಿ, ಚಾಮರ ಛತ್ರ ಹಿಡಿದ ಪರಿಚಾರಿಕೆಯರು, ಯಾರ ಮೈ ಯಾರ ಕಡೆ ವಾಲಿದೆ, ಯಾರಿಗೆ ಎಷ್ಟು ಜಾಗ ಕೊಟ್ಟಿದ್ದಾರೆ? ಮೊದಲು ಇದು, ಆಮೇಲೆ ಹೆಸರು. ಎರಡೂ ಬೇಕು, ಕ್ರಮ ಮುಖ್ಯ.

ಮೊದಲ ಸುತ್ತಿನಲ್ಲಿ ಪೆನ್ನು ಜೇಬಿನಲ್ಲೇ ಇರಲಿ. ಸುಮ್ಮನೆ ನಡೆಯಿರಿ. ನಿರ್ಣಾಯಕರು ಮೂವರಿದ್ದರೆ ಮೂರು ಬೇರೆ ತುದಿಯಿಂದ ಶುರು ಮಾಡಿ, ಪರಸ್ಪರ ಮಾತಾಡಬೇಡಿ. ಎರಡನೆಯ ಸುತ್ತಿನಲ್ಲಿ ಮೂರು ಗುಂಪು ಮಾಡಿ: ಮತ್ತೆ ನೋಡಬೇಕಾದವು, ನೋಡಬಹುದಾದವು, ಸಾಕಾದವು. ‘ಸಾಕಾದವು’ ಗುಂಪಿನಿಂದ ಪ್ರತಿಯೊಬ್ಬರೂ ಒಂದೊಂದನ್ನು ಹಿಂದಕ್ಕೆ ಕರೆತರುವ ಹಕ್ಕು ಇಟ್ಟುಕೊಳ್ಳಿ. ಸದ್ದಿಲ್ಲದ ಚಿತ್ರಗಳು ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತವೆ.

ನಕಲು ಎಂದರೆ ಯಾವುದು?

ಇಲ್ಲಿ ತುಸು ನಿಲ್ಲಬೇಕು. ‘ನಮ್ಮ ಊರು’ ಎಂಬ ವಿಷಯ ಕೊಡಿ. ಹತ್ತರಲ್ಲಿ ಏಳೆಂಟು ಹಾಳೆಯಲ್ಲಿ ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೆ ನೀಲಿ ಹೊಳೆ, ದಂಡೆಗೆ ತೆಂಗಿನ ಮರ, ಕೆಂಪು ಹೆಂಚಿನ ಮನೆ, ಆಕಾಶದಲ್ಲಿ ರೆಪ್ಪೆಯಂಥ ಹಕ್ಕಿಗಳು ಬರುತ್ತವೆ. ಬರೆದ ಹುಡುಗ ಜೇವರ್ಗಿ ಕಡೆಯವನು. ಅವನು ದಿನಾ ನೋಡುವುದು ಎರಿ ಭೂಮಿ, ತೊಗರಿ ಹೊಲ, ಜಾಲಿ, ಬೇವು. ಆ ಗುಡ್ಡ ಅವನು ನೋಡಿದ್ದಲ್ಲ, ಚಿತ್ರದ ಪುಸ್ತಕದಿಂದ ಕೈಗೆ ಬಂದದ್ದು. ಬಣ್ಣ ಎಷ್ಟೇ ನೀಟಾಗಿ ತುಂಬಿದ್ದರೂ ಅಂಕಪಟ್ಟಿಯ ‘ಸ್ವಂತ ನೋಟ’ದ ಕಲಮಿನಲ್ಲಿ (ಕಲಮುಗಳ ಪಟ್ಟಿ ಮುಂದೆ ಇದೆ) ಇದಕ್ಕೆ ಹೆಚ್ಚು ಸಿಗಬಾರದು.

ಅಂಥದೊಂದು ರಾಶಿಯ ನಡುವೆ ಒಮ್ಮೆ ಸಿಕ್ಕ ಹಾಳೆ ನನಗೆ ನೆನಪಿದೆ. ಶಹಾಬಾದ್ ಕಲ್ಲಿನ ಗೋಡೆಯ ಮನೆ. ಬರೆದವಳು ಕಲ್ಲುಗಳನ್ನು ಇಟ್ಟಿಗೆಯಂತೆ ಒಂದೇ ಅಳತೆಗೆ ಬರೆದಿರಲಿಲ್ಲ. ತೆಳ್ಳನೆ ಪದರ, ದಪ್ಪ ಪದರ, ನಡುವೆ ತುಂಡು ಕಲ್ಲು ತುರುಕಿದ ಸಂದಿ, ಸಂದಿಯಲ್ಲಿ ಸಿಕ್ಕಿಸಿದ ಕುಡುಗೋಲು. ಬೂದು ಬಣ್ಣ ಮುಗಿದಿತ್ತೇನೋ, ಕೆಳಗಿನ ಅರ್ಧ ಪೆನ್ಸಿಲ್ಲಿನಲ್ಲೇ ಇತ್ತು. ಬಾಗಿಲ ಅಳತೆ ತಪ್ಪಿತ್ತು, ಒಳಗೆ ಹೋಗುವವರು ತೆವಳಬೇಕು. ಜೊತೆಗಿದ್ದವರೊಬ್ಬರು "ಮುಗಿಸೇ ಇಲ್ಲಲ್ರಿ" ಅಂದರು. ಖರೆ, ಮುಗಿಸಿರಲಿಲ್ಲ. ಕೈಕೆಲಸದಲ್ಲಿ ಅಂಕ ಕಡಿಮೆಯಾಯಿತು, ಆಗಲೇಬೇಕು. ಆದರೆ ಗೋಡೆಯನ್ನು ಅವಳು ನೋಡಿದ್ದಳು. ಆ ಕುಡುಗೋಲಿನ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಅವರೂ ‘ಸ್ವಂತ ನೋಟ’ಕ್ಕೆ ಪೂರ್ತಿ ಅಂಕ ಕೊಟ್ಟರು.

ಹಾಗೆಂದು ನೋಡಿ ಬರೆಯುವುದೆಲ್ಲ ಕಳ್ಳತನವೂ ಅಲ್ಲ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಕಾಲದಲ್ಲಿ ಬೆಳೆದ ಚಿನ್ನದ ರೇಕಿನ ಕಿರುಚಿತ್ರಗಳಲ್ಲಿ ದೇವರ ನಿಲುವು, ಮಂಟಪ, ಒಡವೆ ಎಲ್ಲ ಪರಂಪರೆಯಿಂದ ಬಂದವು. ಬಿದ್ರಿಯ ಹೂಬಳ್ಳಿಯೂ ಗುರುವಿನಿಂದ ಶಿಷ್ಯನಿಗೆ ಇಳಿದದ್ದು. ಅಲ್ಲಿ ‘ಹೊಸತೇನಿದೆ’ ಎಂದು ಕೇಳುವುದು ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತೆ. ಇದೇ ಮಾದರಿಯನ್ನು ಮಾಡಿದ ಬೇರೆ ಕೈಗಳಿಗಿಂತ ಈ ಕೈ ಎಲ್ಲಿ ಭಿನ್ನ ಎಂದು ಕೇಳಬೇಕು. ಚುಕ್ಕಿ ರಂಗೋಲಿಗೂ ಅದೇ ಅಳತೆ. ತಾಂಡಾದ ಹೆಣ್ಣುಮಕ್ಕಳ ಕನ್ನಡಿ ಕಸೂತಿ ಬಂದರೂ ಹಾಗೆಯೇ: ಹೊಲಿಗೆಯ ಸಾಲು, ಕನ್ನಡಿ ಹಿಡಿದ ದಾರದ ಬಿಗಿ, ಬಣ್ಣಗಳ ಸರದಿ ನೋಡಿ.

ಮನೆಯಿಂದ ಬರೆದು ಕಳಿಸುವ ಸ್ಪರ್ಧೆಯಾದರೆ ಈಗ ಫೋನಿನ ಎಐ ಚಿತ್ರಗಳ ಕಾಟ ಶುರುವಾಗಿದೆ. ಅನುಮಾನ ಬಂದರೆ ಎಲ್ಲರ ಮುಂದೆ ಮಗುವನ್ನು ನಿಲ್ಲಿಸಿ ವಿಚಾರಣೆ ಮಾಡಬೇಡಿ. ಕೊನೆಯ ಸುತ್ತಿಗೆ ಬಂದ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ತಮ್ಮ ಚಿತ್ರದ ಒಂದು ಮೂಲೆಯನ್ನು ಹತ್ತು ನಿಮಿಷದಲ್ಲಿ ಮತ್ತೆ ಬರೆಯಲು ಹೇಳಿ. ಯಾರದು ಎಂದು ತಾನಾಗಿ ಗೊತ್ತಾಗುತ್ತದೆ.

ಅಂಕ ಹಾಕುವುದು

ಆಯೋಜಕರ ಅಂಕಪಟ್ಟಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನಾಲ್ಕೇ ಕಲಂ ಸಾಕು: ಕೇಳಿದ ವಿಷಯ ಬಂದಿದೆಯೇ, ಹಾಳೆಯ ಮೇಲಿನ ಜೋಡಣೆ, ಕೈಕೆಲಸ, ಸ್ವಂತ ನೋಟ. ಒಂದೊಂದಕ್ಕೆ 5, ಒಟ್ಟು 20. ರಂಗೋಲಿಗೆ ಕೈಕೆಲಸವನ್ನು ಎರಡು ಪಟ್ಟು ಮಾಡಿ, ಒಟ್ಟು 25 ಆಗುತ್ತದೆ. ಮಣ್ಣಿನ ಮಾದರಿಯನ್ನು ಸುತ್ತ ತಿರುಗಿ ಹಿಂಬದಿ ನೋಡದೆ ಅಂಕ ಬರೆಯಬೇಡಿ. ಮಕ್ಕಳು ಬಹಳ ಸಲ ಆನೆಗೆ ಮುಂದಿನಿಂದ ಮಾತ್ರ ಆನೆತನ ಕೊಟ್ಟಿರುತ್ತಾರೆ. ಪ್ರತಿ ಅಂಕದ ಪಕ್ಕ ಎರಡು ಮೂರು ಪದ ಬರೆಯಿರಿ. "ಎಡಗಡೆ ಖಾಲಿ, ಭಾರ ಬಲಕ್ಕೆ", "ತೊಗರಿ ಹೂವಿನ ಹಳದಿ ಚುಕ್ಕಿ", "ಗೆರೆ ನಡುಗಿದೆ". ಪದ ಸಿಗದಿದ್ದರೆ ಅಂಕವೂ ಬೇಡ, ಮತ್ತೆ ಹೋಗಿ ನೋಡಿ.

ಕೈ ತಪ್ಪಿಸುವ ಕೆಲವು ಒತ್ತಡಗಳಿವೆ. ದೊಡ್ಡದು ವಿಷಯದ ಪಾವಿತ್ರ್ಯ. ಬಸವಣ್ಣನವರ ಚಿತ್ರ, ಅಂಬೇಡ್ಕರರ ಚಿತ್ರ, ರಾಷ್ಟ್ರಧ್ವಜ, ‘ನೀರು ಉಳಿಸಿ’ ಘೋಷಣೆ. ಇವಕ್ಕೆ ಕಡಿಮೆ ಅಂಕ ಹಾಕಲು ಎಲ್ಲರಿಗೂ ಪುಕ್ಕಲು. ನೀವು ಅಂಕ ಹಾಕುತ್ತಿರುವುದು ಗೆರೆಗೆ, ಮಹಾಪುರುಷರಿಗಲ್ಲ. ಮೈಕಿನಲ್ಲಿ ಹೇಳುವ ಧೈರ್ಯ ಬರದಿದ್ದರೂ ಅಂಕಪಟ್ಟಿಯಲ್ಲಿ ಪ್ರಾಮಾಣಿಕವಾಗಿರಿ. ಇದರ ವಿರುದ್ಧ ದಿಕ್ಕಿನ ಸೋಗೂ ಇದೆ: ದೇವರ ಚಿತ್ರ ಕಂಡರೆ ಸಾಕು, "ಅದು ಕ್ಯಾಲೆಂಡರ್ ಆರ್ಟ್" ಎಂದು ಮೂಗು ಮುರಿಯುವುದು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯಲ್ಲಿ ಸಿನಿಮಾ ಪೋಸ್ಟರ್, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದಲೇ ದೇಶಕ್ಕೆಲ್ಲ ಗೊತ್ತಾದವರು. ನಮ್ಮ ರಂಗಮಂದಿರಕ್ಕೆ ಅವರ ಹೆಸರೇ ಇದೆ. ನಾಟಕ ನೋಡಲು ಅಲ್ಲಿಗೆ ಹೋಗುವವರಲ್ಲಿ ಎಷ್ಟು ಜನ ಅವರ ಚಿತ್ರದ ಮುಂದೆ ಐದು ನಿಮಿಷ ನಿಂತಿದ್ದಾರೋ! ಕಿರಾಣಿ ಅಂಗಡಿಯ ಊದುಬತ್ತಿ ಹೊಗೆಯಲ್ಲಿ ಮಬ್ಬಾದ ಮುದ್ರಣದಲ್ಲೂ ಅವರ ಮೈಬಣ್ಣದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಹೇಳಬಹುದು. ಎಲ್ಲಿ ತೂಗುಹಾಕಿದ್ದಾರೆ ಎಂಬುದರ ಮೇಲೆ ಕೆಲಸದ ಗುಣ ನಿಂತಿಲ್ಲ.

ಮಿಂಚು ಪುಡಿ, ಚೌಕಟ್ಟು, ಹಾಳೆಯ ದುಬಾರಿತನ ಇವಕ್ಕೆ ಅಂಕವಿಲ್ಲ ಎಂದು ನಿರ್ಣಾಯಕರೆಲ್ಲ ಮೊದಲೇ ಮಾತಾಡಿಕೊಳ್ಳಿ. ಹನ್ನೆರಡು ಕ್ರಯಾನಿನ ಡಬ್ಬಿ ತಂದವಳೂ ಆಮದು ಬಣ್ಣ ತಂದವನೂ ಒಂದೇ ನೆಲದ ಮೇಲೆ ಕೂತಿರುತ್ತಾರೆ.

ನಿರ್ಣಾಯಕರಲ್ಲೇ ಒಮ್ಮತ ಬರದಿದ್ದರೆ

ಕೂಡಿಸಿ ಭಾಗಿಸುವ ಅವಸರ ಬೇಡ. ಒಂದು ಚಿತ್ರಕ್ಕೆ ಮೂವರು 18, 17, 6 ಕೊಟ್ಟರು ಅನ್ನಿ, ಒಟ್ಟು 41. ಇನ್ನೊಂದಕ್ಕೆ ಮೂವರೂ 14, ಒಟ್ಟು 42. ಇಬ್ಬರು ಮೆಚ್ಚಿ ಕೊಂಡಾಡಿದ್ದು ಸೋತು, ಯಾರಿಗೂ ವಿಶೇಷ ಅನ್ನಿಸದ್ದು ಗೆಲ್ಲುತ್ತದೆ. ಹೀಗಾಗಿ ಇಬ್ಬರ ನಡುವೆ 5ಕ್ಕಿಂತ ಹೆಚ್ಚು ಅಂತರ ಬಂದ ಹಾಳೆಗಳನ್ನು ಬೇರೆ ತೆಗೆದು, ಮೂವರೂ ಅದರ ಸುತ್ತ ನಿಂತು, 6 ಕೊಟ್ಟವರು ಬೆರಳಿಟ್ಟು ಕಾರಣ ತೋರಿಸಲಿ, ಆಮೇಲೆ 18 ಕೊಟ್ಟವರು. ಬದಲಾಯಿಸಲೇಬೇಕೆಂಬ ಬಲವಂತ ಬೇಡ. ಕಾರಣ ಚಿತ್ರದೊಳಗೆ ಇದ್ದರೆ ಅಂಕ ನಿಲ್ಲಲಿ, ಹೊರಗಿದ್ದರೆ ತಿದ್ದಲಿ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಅಭಿರುಚಿಯ ಬಗ್ಗೆ 1757ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪೇನಿನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಿಂದ ಎತ್ತಿಕೊಂಡ ಒಂದು ಕತೆ ಇದೆ. ಇಬ್ಬರು ಮದ್ಯದ ರುಚಿ ನೋಡುತ್ತಾರೆ. ಚಲೋ ಇದೆ, ಆದರೆ ತೊಗಲಿನ ವಾಸನೆ ಎಂದು ಒಬ್ಬ. ಚಲೋ ಇದೆ, ಆದರೆ ಕಬ್ಬಿಣದ ರುಚಿ ಎಂದು ಇನ್ನೊಬ್ಬ. ಜನ ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಕಬ್ಬಿಣದ ಕೀಲಿಕೈ ಸಿಕ್ಕಿತು. ನಿಮ್ಮ ಜೊತೆಯ ನಿರ್ಣಾಯಕರು ಬೇರೆ ಏನೋ ಹೇಳುತ್ತಿದ್ದರೆ ಅವರಿಗೆ ತಿಳಿಯುವುದಿಲ್ಲ ಅನ್ನುವ ಮುಂಚೆ ಹಾಳೆಯಲ್ಲಿ ಆ ಕೀಲಿಕೈ ಇದೆಯೇ ಎಂದು ಹುಡುಕಿ. ಆಗಲೂ ಹರಿಯದಿದ್ದರೆ ಬಹುಮತಕ್ಕೆ ಬಿಡಿ, ಹೊತ್ತಾಗಿರುತ್ತದೆ.

ಮುಖ್ಯ ಅತಿಥಿಗಳು ನಡುವೆ ಬಂದು "ಆ ನವಿಲು ಭಾಳ ಛಂದ ಅದ ನೋಡ್ರಿ" ಅಂದರೆ ಕೈಮುಗಿದು "ಹೌದ್ರಿ ಸಾಹೇಬ್ರ, ನೋಡ್ತೀವ್ರಿ" ಅನ್ನಿ. ನೋಡಿ ಕೂಡ. ಅಂಕ ಮಾತ್ರ ಮೊದಲಿನದೇ ಇರಲಿ.

ಫಲಿತಾಂಶ ಹೇಳುವಾಗ

ಬರೀ ಹೆಸರು ಓದಿ ಇಳಿಯಬೇಡಿ. ಬಹುಮಾನ ಬಂದ ಪ್ರತಿ ಚಿತ್ರವನ್ನು ಎತ್ತಿ ಹಿಡಿದು, ಯಾಕೆ ಎಂದು ಒಂದೇ ವಾಕ್ಯ ಹೇಳಿ. ಅಂಕಪಟ್ಟಿಯ ಪಕ್ಕ ಬರೆದ ಆ ಎರಡು ಮೂರು ಪದ ಈಗ ಉಪಯೋಗಕ್ಕೆ ಬರುತ್ತವೆ. ಬಹುಮಾನ ಬಾರದವುಗಳಲ್ಲಿ ಎರಡು ಮೂರರ ಬಗ್ಗೆಯೂ ಹೇಳಿ, ಸಂಖ್ಯೆ ಸಾಕು, ಹೆಸರು ಬೇಡ. "ಸೂಪರ್", "ಅದ್ಭುತ" ಇವು ಮಗುವಿಗೆ ಏನನ್ನೂ ಹೇಳುವುದಿಲ್ಲ. "ಬಾವಿಯ ಒಳಗಿನ ಕತ್ತಲನ್ನು ಕರಿಬಣ್ಣ ಬಳಸದೆ ತಂದಿದ್ದೀ" ಎಂದರೆ ಮುಂದಿನ ಸಲ ಅವಳು ಅಲ್ಲಿಂದ ಶುರು ಮಾಡುತ್ತಾಳೆ.

ತಕರಾರು ತಂದ ಪಾಲಕರಿಗೆ ಅಂಕಪಟ್ಟಿ ತೋರಿಸಿ, ಅವರ ಮಗುವಿನ ಹಾಳೆಯನ್ನೂ ಗೆದ್ದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಮಾತಾಡಿ. ವಾದ ಮಾಡಲು ಬಂದವರು ಬಹುತೇಕ ನೋಡಲು ಶುರು ಮಾಡುತ್ತಾರೆ.

ಇನ್ನೊಂದು ಮಾತು, ಆಯೋಜಕರಿಗೆ ಮೊದಲೇ ಹೇಳಿಡಿ: ಅಂಕ, ಸಹಿ, ಶಾಲೆಯ ಸೀಲು ಯಾವುದೂ ಚಿತ್ರದ ಮುಂಬದಿಗೆ ಬೇಡ. ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆದರೆ ಸಾಕು. ಹಾಳೆಗಳನ್ನು ಕಟ್ಟು ಕಟ್ಟಿ ಶಾಲೆಯ ಕಪಾಟಿಗೆ ಎಸೆಯದೆ, ಒಂದು ವಾರ ಗೋಡೆಗೆ ಹಚ್ಚಿ, ಆಮೇಲೆ ಬರೆದವರ ಕೈಗೇ ವಾಪಸು ಕೊಡಿ.